ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಂಕಿಯ ನಂತರದ ನೋತ್ರ ದಾಮ್ ಅನ್ನು ಗೈಡ್ ಜೊತೆ ನೋಡುವುದು ಹೇಗೆ?

2019ರ ಏಪ್ರಿಲ್ 15ರ ಸಂಜೆ ಬೆಂಕಿಗೆ ಮಾಡು ಮತ್ತು ಶಿಖರ ಕಳೆದುಕೊಂಡ ಪ್ಯಾರಿಸ್ಸಿನ ನೋತ್ರ ದಾಮ್ ಕ್ಯಾಥೆಡ್ರಲ್, 2024ರ ಡಿಸೆಂಬರ್ 7 ಮತ್ತು 8ರಂದು ಮತ್ತೆ ಬಾಗಿಲು ತೆರೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಗೋಪುರಗಳಿಗೂ ಪ್ರವೇಶ ಸಿಕ್ಕಿತು. ಯುರೋಪಿಗೆ ಹೊರಟು ನಿಂತ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನೋತ್ರ ದಾಮ್ ಪ್ರವೇಶ ಟಿಕೆಟ್ ಎಂದು ಏಜೆಂಟ್ ಒಬ್ಬರು ತಲೆಗೆ 30 ಯೂರೊ ಕೇಳುತ್ತಿದ್ದಾರೆ. ಎರಡು ತಿಂಗಳ ಮೊದಲೇ ಬುಕ್ ಮಾಡದಿದ್ದರೆ ಸಿಗುವುದಿಲ್ಲವಂತೆ. ಹೌದೆ? (ಬೆಂಗಳೂರು)

ಸುಳ್ಳು. ಕ್ಯಾಥೆಡ್ರಲ್ ಒಳಗೆ ಹೋಗಲು ಒಂದು ಪೈಸೆಯೂ ಬೇಕಿಲ್ಲ. ಬಿಡಿ ಪ್ರವಾಸಿಗರಿಗೆ ಅಧಿಕೃತ ಜಾಲತಾಣದಲ್ಲಿ ಮತ್ತು ಆ್ಯಪ್‌ನಲ್ಲಿ ಸಮಯದ ಸ್ಲಾಟ್ ಉಚಿತವಾಗಿ ಸಿಗುತ್ತದೆ. ಅದು ತೆರೆಯುವುದೇ ಭೇಟಿಯ ದಿನ ಮತ್ತು ಅದರ ಹಿಂದಿನ ಎರಡು ದಿನಗಳಿಗೆ. ಹೀಗಿರುವಾಗ ಎರಡು ತಿಂಗಳ ಮೊದಲು ‘ಪ್ರವೇಶ’ ಮಾರುವವರ ಕೈಯಲ್ಲಿ ಮಾರಲು ಏನೂ ಇರುವುದಿಲ್ಲ. ಗೈಡ್‌ಗೆ ಕೊಡುವ ಹಣ ಬೇರೆ ಮಾತು, ಅದು ಅವರ ದುಡಿಮೆಗೆ ಸಲ್ಲುವ ನ್ಯಾಯವಾದ ಶುಲ್ಕ. ಆದ್ದರಿಂದ ಬಿಲ್ಲಿನಲ್ಲಿ ಏನು ಬರೆದಿದೆ ನೋಡಿ: ಗೈಡ್ ಸೇವೆ ಎಂದಿದ್ದರೆ ಯೋಚಿಸಿ, ಪ್ರವೇಶ ಶುಲ್ಕ ಎಂದಿದ್ದರೆ ಎದ್ದು ಬನ್ನಿ.

ಸ್ಲಾಟ್ ಸಿಗದಿದ್ದರೂ ಚಿಂತೆಯಿಲ್ಲ, ಬುಕಿಂಗ್ ಇಲ್ಲದವರಿಗೆ ಪ್ರತ್ಯೇಕ ಸಾಲು ಇದೆ. ಸಾಲು ಉದ್ದ ಕಂಡರೂ ನಿಲ್ಲದೆ ಸಾಗುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 7.50ರಿಂದ ಸಂಜೆ 7ರವರೆಗೆ, ಗುರುವಾರ ರಾತ್ರಿ 10ರವರೆಗೆ, ಶನಿವಾರ ಭಾನುವಾರ 8.15ರಿಂದ 7.30ರವರೆಗೆ ತೆರೆದಿರುತ್ತದೆ. ಹಬ್ಬಗಳಲ್ಲಿ ಮತ್ತು ವಿಶೇಷ ಪೂಜೆಗಳಿದ್ದಾಗ ವೇಳೆ ಬದಲಾಗುವುದರಿಂದ ಹಿಂದಿನ ರಾತ್ರಿ ಒಮ್ಮೆ ಜಾಲತಾಣ ನೋಡಿಕೊಳ್ಳಿ.

ನಮ್ಮವರು ಎಡವುವುದು ಸಾಮಾನಿನ ವಿಷಯದಲ್ಲಿ. ಹೋಟೆಲ್ ಖಾಲಿ ಮಾಡಿ, ಸೂಟ್‌ಕೇಸ್ ಎಳೆದುಕೊಂಡು ನೇರ ಬಂದರೆ ಬಾಗಿಲಲ್ಲೇ ತಡೆಯುತ್ತಾರೆ. ದೊಡ್ಡ ಬ್ಯಾಗುಗಳಿಗೆ ಪ್ರವೇಶವಿಲ್ಲ, ಇಟ್ಟುಹೋಗಲು ಕೊಠಡಿಯೂ ಇಲ್ಲ. ರೈಲು ನಿಲ್ದಾಣದ ಲಾಕರ್‌ನಲ್ಲಿಟ್ಟು ಬರಬೇಕು. ಮೆಟ್ರೊ 4ನೇ ಲೈನಿನ ಸಿತೆ ನಿಲ್ದಾಣ ಎಲ್ಲಕ್ಕಿಂತ ಹತ್ತಿರ.

ಪ್ರಶ್ನೆ: ಗೈಡೆಡ್ ಟೂರ್‌ಗಳಲ್ಲಿ ಹತ್ತಾರು ಬಗೆ ಕಾಣುತ್ತಿವೆ. ಯಾವುದನ್ನು ಆರಿಸಬೇಕು? (ಧಾರವಾಡ)

ಹಣ ಕೊಡುವ ಮುನ್ನ ಇದೊಂದನ್ನು ಬರಹದಲ್ಲೇ ಕೇಳಿ: ಗೈಡ್ ನಮ್ಮ ಜೊತೆ ಕ್ಯಾಥೆಡ್ರಲ್ ಒಳಗೆ ಬಂದು ವಿವರಿಸುತ್ತಾರೋ, ಅಥವಾ ಹೊರಗಿನ ಅಂಗಳದಲ್ಲಿ ಹೇಳಿ ಮುಗಿಸಿ ನಮ್ಮನ್ನು ಸಾಲಿಗೆ ಬಿಟ್ಟು ಹೋಗುತ್ತಾರೋ? ಅಗ್ಗದ ಟೂರ್‌ಗಳಲ್ಲಿ ಬಹುಪಾಲು ಎರಡನೆಯ ಬಗೆಯವು. ಟಿಪ್ಸ್ ಆಧಾರದ ‘ಉಚಿತ’ ನಡಿಗೆಗಳೂ ಹಾಗೆಯೇ. ಅವು ಕೆಟ್ಟವೆಂದಲ್ಲ, ಮುಂಭಾಗದ ಮೂರು ದ್ವಾರಗಳ ಶಿಲ್ಪವನ್ನು ಹೊರಗೆ ನಿಂತೇ ನೋಡಬೇಕು. ಆದರೆ 2019ರ ನಂತರ ಏನು ಬದಲಾಯಿತು ಎಂಬ ಕಥೆಯ ಮುಕ್ಕಾಲು ಪಾಲು ಒಳಗಿದೆ.

ಫ್ರಾನ್ಸ್‌ನಲ್ಲಿ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳೊಳಗೆ ಪ್ರವಾಸ ಸಂಸ್ಥೆಗಳ ಪರವಾಗಿ ವಿವರಿಸುವವರಿಗೆ ‘ಗೀದ್ ಕಾಂಫೆರಾಂಸಿಯೆ’ ಎಂಬ ವೃತ್ತಿ ಕಾರ್ಡ್ ಬೇಕು. ಗೈಡ್ ಬಳಿ ಅದಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಗುಂಪುಗಳಿಗೆ ಬಿಡಿ ಪ್ರವಾಸಿಗರ ಸ್ಲಾಟ್ ನಡೆಯುವುದಿಲ್ಲ, ಅದಕ್ಕೆ ಬೇರೆಯದೇ ಬುಕಿಂಗ್ ಇದೆ. ಅದನ್ನು ಸಂಸ್ಥೆ ಮಾಡಿಕೊಂಡಿಲ್ಲದಿದ್ದರೆ ಗುಂಪು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಕಿವಿಗೆ ಹಾಕುವ ರಿಸೀವರ್ ಕೊಡುತ್ತಾರೆಯೇ ಎಂದೂ ವಿಚಾರಿಸಿ. ಕಲ್ಲಿನ ಆ ದೊಡ್ಡ ಹಜಾರದಲ್ಲಿ ಸಾವಿರಾರು ಜನರ ಗುಜುಗುಜಿನ ನಡುವೆ ಬರಿಗಂಟಲಿನ ವಿವರಣೆ ಮೂರನೆಯ ಸಾಲಿಗೇ ತಲುಪುವುದಿಲ್ಲ.

ವಯಸ್ಸಾದವರು ಜೊತೆಗಿದ್ದರೆ ಎರಡು ಗಂಟೆಗಿಂತ ಉದ್ದದ ಟೂರ್ ಬೇಡ. ಕೂರುವ ಅವಕಾಶ ನಡುಹಜಾರದ ಓಕ್ ಮರದ ಕುರ್ಚಿಗಳಲ್ಲಿದೆ, ಗೈಡ್‌ಗಳಾದರೋ ಗುಂಪನ್ನು ಪಕ್ಕದ ಓಣಿಗಳಲ್ಲೇ ನಡೆಸುತ್ತಾರೆ.

ಪ್ರಶ್ನೆ: ವಾಸ್ತುಶಿಲ್ಪ ವಿದ್ಯಾರ್ಥಿ ನಾನು. ಎಲ್ಲವೂ ‘800 ವರ್ಷ ಹಳೆಯದು’ ಎನ್ನುವ ಗೈಡ್‌ಗಳ ಮಾತು ನಂಬಬಹುದೆ? ಹಳೆಯದು ಹೊಸದು ಗುರುತಿಸುವುದು ಹೇಗೆ? ಮೈಸೂರಿನ ಫಿಲೋಮಿನಾ ಚರ್ಚ್ ಚೆನ್ನಾಗಿ ನೋಡಿದ್ದೇನೆ. (ಮೈಸೂರು)

ನಿಮ್ಮ ಪ್ರಶ್ನೆಯೇ ಒಳ್ಳೆಯ ಗೈಡನ್ನು ಅಳೆಯುವ ಕೋಲು. ಯಾವ ಭಾಗದ ಮುಂದೆ ನಿಂತರೂ ‘ಇದು ಯಾವ ಶತಮಾನದ್ದು?’ ಎಂದು ಕೇಳಿ. ಈ ಕಟ್ಟಡದಲ್ಲಿ ಮುಖ್ಯವಾಗಿ ಮೂರು ಕಾಲಗಳಿವೆ: 1163ರಲ್ಲಿ ಬಿಷಪ್ ಮೋರಿಸ್ ದ ಸುಲ್ಲಿ ಕಾಲದಲ್ಲಿ ಶುರುವಾಗಿ 14ನೇ ಶತಮಾನದ ನಡುವಿನವರೆಗೆ ನಡೆದ ಮೂಲ ಕೆಲಸ, 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಮಾಡಿದ ಭಾರೀ ಜೀರ್ಣೋದ್ಧಾರ, ಮತ್ತು 2019ರಿಂದ ಈಚಿನದು.

ಮುಂಭಾಗದಿಂದ ತೊಡಗಿ. ಬಾಗಿಲುಗಳ ಮೇಲೆ ಸಾಲಾಗಿ ನಿಂತ 28 ರಾಜರ ವಿಗ್ರಹಗಳು 19ನೇ ಶತಮಾನದವು. ಮೂಲ ವಿಗ್ರಹಗಳನ್ನು ಫ್ರಾನ್ಸಿನ ದೊರೆಗಳೆಂದು ತಿಳಿದು ಕ್ರಾಂತಿಕಾರರು 1793ರಲ್ಲಿ ತಲೆ ಕಡಿದರು. ಆ ವಿಗ್ರಹಗಳು ನಿಜಕ್ಕೂ ಬೈಬಲ್ಲಿನ ಜೂಡಾ ದೇಶದ ರಾಜರವು. ಆ ತಲೆಗಳಲ್ಲಿ 21 ತಲೆಗಳು 1977ರಲ್ಲಿ ಪ್ಯಾರಿಸ್ಸಿನಲ್ಲೇ ನೆಲ ಅಗೆಯುವಾಗ ಸಿಕ್ಕವು. ನದಿ ದಾಟಿ ಹತ್ತು ನಿಮಿಷ ನಡೆದರೆ ಕ್ಲೂನಿ ಮ್ಯೂಸಿಯಂನಲ್ಲಿ ಅವನ್ನು ಮುಖಾಮುಖಿ ನೋಡಬಹುದು, ತಪ್ಪಿಸಬೇಡಿ. ಬಲಗಡೆಯ ಸಂತ ಆನ್ ದ್ವಾರದಲ್ಲಿ ಇಡೀ ಮುಂಭಾಗಕ್ಕಿಂತ ಹಳೆಯ, 12ನೇ ಶತಮಾನದ ಕೆತ್ತನೆಗಳನ್ನು ತಂದು ಜೋಡಿಸಿದ್ದಾರೆ. ಅದರ ಆಕೃತಿಗಳು ನೆಟ್ಟಗೆ, ಬಿಗುವಾಗಿವೆ. ನಡುಬಾಗಿಲಿನವು ಮೈ ಸಡಿಲಿಸಿವೆ. ಆ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ.

ಗೋಪುರದ ಮೇಲಿನ ಕೊಂಬು ರೆಕ್ಕೆಗಳ ವಿಕಾರ ಪ್ರಾಣಿಗಳನ್ನು ಮಧ್ಯಯುಗದವೆಂದು ಯಾರಾದರೂ ಹೇಳಿದರೆ ಅಲ್ಲಿಗೆ ಅವರ ಪರೀಕ್ಷೆ ಮುಗಿಯಿತು. ಅವು ವಿಯೊಲೆ ಲ ದ್ಯುಕ್ ಕಲ್ಪನೆಯ ಅಲಂಕಾರಗಳು. ಗಾರ್ಗಾಯಿಲ್ ಎಂಬುದು ಬೇರೆ: ಬಾಯಿಯಿಂದ ಮಳೆನೀರನ್ನು ಗೋಡೆಯಿಂದ ದೂರಕ್ಕೆ ಉಗುಳುವ ಕಲ್ಲಿನ ದೋಣಿ.

ಒಳಗೆ ನಡುಹಜಾರದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಹೆಚ್ಚಿನ ಅಂಕಣಗಳಲ್ಲಿ ಮೂರು ಅಂತಸ್ತು ಕಾಣುತ್ತವೆ: ಕಂಬಗಳ ಸಾಲು, ಮಹಡಿಯ ಓಣಿ, ಮೇಲೆ ಎತ್ತರದ ಕಿಟಕಿ. ಶಿಲುಬೆಯಾಕಾರದ ಈ ಕಟ್ಟಡದ ತೋಳುಗಳು ಕೂಡುವ ಜಾಗಕ್ಕೆ ಹತ್ತಿರವಾದಂತೆ ನಾಲ್ಕು ಅಂತಸ್ತು ಕಾಣುತ್ತದೆ, ಮಧ್ಯೆ ದುಂಡನೆಯ ಕಿಂಡಿಯೊಂದು ಸೇರಿಕೊಳ್ಳುತ್ತದೆ. 12ನೇ ಶತಮಾನದ ವಿನ್ಯಾಸ ಹಾಗಿತ್ತು. ಒಳಗೆ ಬೆಳಕು ಸಾಲದೆಂದು 13ನೇ ಶತಮಾನದಲ್ಲಿ ದುಂಡು ಕಿಂಡಿ ತೆಗೆದು ಕಿಟಕಿಗಳನ್ನು ಕೆಳಕ್ಕೆ ಎಳೆದರು. ಮೂಲ ಹೇಗಿತ್ತೆಂದು ತೋರಿಸಲು ವಿಯೊಲೆ ಲ ದ್ಯುಕ್ ಕೆಲವೇ ಅಂಕಣಗಳನ್ನು ಹಿಂದಿನ ರೂಪಕ್ಕೆ ತಂದ. ಹಳೆಯದಾಗಿ ಕಾಣುವ ಭಾಗವೇ ಹೊಸದು! ಈ ಜಾಗದಲ್ಲಿ ಐದು ನಿಮಿಷ ನಿಲ್ಲದ ಟೂರ್ ಅರ್ಧ ಟೂರ್.

ಈಗ ತಲೆಯೆತ್ತಿ. ಛಾವಣಿಯ ಕಮಾನು ನೆಲದಿಂದ ಸುಮಾರು 33 ಮೀಟರ್ ಮೇಲಿದೆ. ಪ್ರತಿ ಚೌಕವನ್ನು ಕಲ್ಲಿನ ಪಕ್ಕೆಗಳು ಕೊಡೆಯ ಕಡ್ಡಿಗಳಂತೆ ಆರು ಭಾಗ ಮಾಡಿವೆ. ಪಕ್ಕೆಗಳ ನಡುವಿನ ಕಲ್ಲಿನ ಪದರ ಕೆಲವೆಡೆ 15 ಸೆಂಟಿಮೀಟರಿನಷ್ಟೇ ದಪ್ಪ. ಆ ಹೊರೆಯ ಒತ್ತಡ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ಹೊರಗಿನಿಂದ ತಡೆಯುವುದೇ ಫ್ಲೈಯಿಂಗ್ ಬಟ್ರೆಸ್ ಎಂಬ ಅರ್ಧ ಕಮಾನುಗಳ ಕೆಲಸ. ಬೆಂಕಿಯಲ್ಲಿ ಶಿಖರ ಬಿದ್ದು ತೋಳುಗಳು ಕೂಡುವಲ್ಲಿನ ಕಮಾನು ಕುಸಿಯಿತು, ನಡುಹಜಾರದಲ್ಲೂ ಉತ್ತರ ತೋಳಿನಲ್ಲೂ ತೂತು ಬಿತ್ತು. ಒಳಗಿನಿಂದ ತಳ್ಳುವ ಬಲ ತಪ್ಪಿದರೆ ಹೊರಗಿನ ಅರ್ಧ ಕಮಾನುಗಳೇ ಗೋಡೆಯನ್ನು ಒಳಕ್ಕೆ ಒತ್ತಿಬಿಡಬಹುದು. ಅದಕ್ಕೇ ಮೊದಲ ತಿಂಗಳುಗಳಲ್ಲಿ 28 ಅರ್ಧ ಕಮಾನುಗಳ ಕೆಳಗೂ ಅಳತೆಗೆ ಸರಿಯಾದ ಮರದ ಚೌಕಟ್ಟು ಕೊಟ್ಟು ಬಿಗಿ ಮಾಡಿದರು. ಬಿದ್ದ ಕಮಾನುಗಳನ್ನು ಮರದ ಅಚ್ಚಿನ ಮೇಲೆ ಸುಣ್ಣದಕಲ್ಲು ಜೋಡಿಸಿ ಹಳೆಯ ಪದ್ಧತಿಯಲ್ಲೇ ಕಟ್ಟಿದ್ದಾರೆ. ಬೆಂಕಿಯ ನಂತರದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಂತು: 1160ರ ದಶಕದಿಂದಲೇ ಇಲ್ಲಿ ಕಲ್ಲಿಗೆ ಕಲ್ಲು ಕಟ್ಟಲು ಕಬ್ಬಿಣದ ಕೊಂಡಿಗಳನ್ನು ಧಾರಾಳವಾಗಿ ಬಳಸಿದ್ದರು.

ಫಿಲೋಮಿನಾ ಚರ್ಚ್ ನೋಡಿದ್ದು ನಿಮಗೆ ಒಳ್ಳೆಯ ತಯಾರಿ. ಮೊನಚು ಕಮಾನು, ಶಿಲುಬೆಯಾಕಾರದ ತಳವಿನ್ಯಾಸ, ಬಣ್ಣದ ಗಾಜು ಎಲ್ಲವೂ ಕಣ್ಣಿಗೆ ಪರಿಚಯವಾಗಿರುತ್ತವೆ. ಆದರೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಆ ಕಟ್ಟಡಕ್ಕೆ ಸ್ಫೂರ್ತಿ ಜರ್ಮನಿಯ ಕಲೋನ್ ಕ್ಯಾಥೆಡ್ರಲ್ ಎನ್ನುತ್ತಾರೆ. 175 ಅಡಿಯ ಅವಳಿ ಗೋಪುರಗಳು ಚೂಪಾಗಿ ಏರುವುದು ಅದಕ್ಕೇ. ನೋತ್ರ ದಾಮ್‌ನ ಗೋಪುರಗಳು 69 ಮೀಟರ್ ಏರಿ ಚಪ್ಪಟೆಯಾಗಿ ನಿಲ್ಲುತ್ತವೆ. ಚೂಪಾದದ್ದು ನಡುವಿನ ಶಿಖರ ಮಾತ್ರ, 96 ಮೀಟರ್.

ಪ್ರಶ್ನೆ: ಮರುಕಟ್ಟಲು ಹಸಿ ಓಕ್ ಮರ ಬಳಸಿದರಂತೆ. ನಮ್ಮಲ್ಲಿ ಕಡಿದ ಮರವನ್ನು ವರ್ಷಗಟ್ಟಲೆ ಒಣಗಿಸದೆ ತೊಲೆಗೆ ಏರಿಸುವುದಿಲ್ಲ. ಸೀಳು ಬಿಡುವುದಿಲ್ಲವೇ? (ಸಾಗರ)

ಬಿಡುತ್ತದೆ. ಎಲ್ಲಿ ಬಿಡಬೇಕು ಎಂಬುದನ್ನು ಬಡಗಿ ಮೊದಲೇ ಲೆಕ್ಕ ಹಾಕಿರುತ್ತಾನೆ, ಅಷ್ಟೇ. ಒಟ್ಟು ಸುಮಾರು 2,000 ಓಕ್ ಮರಗಳು ಬಳಕೆಯಾದವು, ಕೆಲಸ ಎರಡು ಬಗೆಯಲ್ಲಿ ನಡೆಯಿತು. ಶಿಖರದ ಭಾರೀ ದಿಮ್ಮಿಗಳನ್ನು ಎಲೆ ಚಿಗುರುವ ಮುಂಚೆ ಕಡಿದು, ಸೀಳಿ, 12ರಿಂದ 18 ತಿಂಗಳು ಒಣಗಲು ಬಿಟ್ಟರು. ಮಾಡಿನ ಚೌಕಟ್ಟಿನ ತೊಲೆಗಳನ್ನು ಮಾತ್ರ ಹಸಿಯಾಗಿದ್ದಾಗಲೇ ಕೊಡಲಿಯಿಂದ ಚೌಕ ಮಾಡಿದರು. ಓಕ್ ಪೂರ್ತಿ ಒಣಗಿದ ಮೇಲೆ ಕೊಡಲಿಗೆ ಬಗ್ಗುವುದಿಲ್ಲ. ಅಷ್ಟು ದಪ್ಪದ ತೊಲೆ ಒಳಗಿನವರೆಗೆ ಒಣಗಲು ದಶಕಗಳೇ ಬೇಕು ಎಂಬುದೂ ಇನ್ನೊಂದು ಕಾರಣ.

ಗುಟ್ಟು ಇರುವುದು ಒಂದು ಮರಕ್ಕೆ ಒಂದೇ ತೊಲೆ ಎಂಬಲ್ಲಿ. ತಿರುಳನ್ನು ತೊಲೆಯ ನಡುವಿನಲ್ಲೇ ಇಟ್ಟುಕೊಂಡು, ನಾರು ಹೇಗೆ ಹರಿದಿದೆಯೋ ಹಾಗೇ ಕೊಡಲಿ ಹಾಕುತ್ತಾರೆ. ಒಣಗುವಾಗ ತೊಲೆ ತಿರುಚಿಕೊಳ್ಳದೆ ಉದ್ದಕ್ಕೆ ಸೀಳು ಬಿಡುತ್ತದೆ, ಉದ್ದದ ಸೀಳಿನಿಂದ ಹೊರೆ ಹೊರುವ ಶಕ್ತಿ ಹೆಚ್ಚು ಕುಂದುವುದಿಲ್ಲ. ಗರಗಸ ನಾರನ್ನು ಅಡ್ಡ ಕತ್ತರಿಸಿದರೆ ಆ ಜಾಗದಲ್ಲಿ ತೊಲೆ ದುರ್ಬಲ. ಜೋಡಣೆ ಗೂಟ ಮತ್ತು ಕೊರಕಲಿನದು, ಬಿಗಿಗೆ ಮರದ ಮೊಳೆ. ಮೂಲ ಚೌಕಟ್ಟನ್ನು 13ನೇ ಶತಮಾನದಲ್ಲಿ ಮಾಡಿದ್ದೂ ಹೀಗೆಯೇ, ಅದು 2019ರವರೆಗೆ ಬಾಳಿತು. ನಮ್ಮ ಸಾಗುವಾನಿ, ಹೊನ್ನೆಯ ಲೆಕ್ಕ ಇದಕ್ಕೆ ಹೊಂದಬೇಕೆಂದಿಲ್ಲ. ಮರದ ಜಾತಿ, ಹವೆ ಎರಡೂ ಬೇರೆ.

ಈ ಅಟ್ಟಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ, ‘ಅಟ್ಟ ತೋರಿಸುತ್ತೇವೆ’ ಎನ್ನುವ ಟೂರ್ ನಂಬಬೇಡಿ. ಹೊಸ ಓಕ್ ಕೆಲಸವನ್ನು ಹತ್ತಿರದಿಂದ ಮುಟ್ಟಿ ನೋಡಬೇಕಾದರೆ ಗೋಪುರದ ಟಿಕೆಟ್ ಕೊಳ್ಳಿ. ದಕ್ಷಿಣ ಗೋಪುರದೊಳಗೆ ಒಂದರೊಳಗೊಂದು ಹೆಣೆದ ಎರಡು ಸುತ್ತಿನ ಓಕ್ ಮೆಟ್ಟಿಲನ್ನು ಹೊಸದಾಗಿ ಕೂರಿಸಿದ್ದಾರೆ.

ಪ್ರಶ್ನೆ: ತಂದೆಗೆ 68 ವರ್ಷ, ಮಂಡಿನೋವು. ಗೋಪುರ ಹತ್ತಬಹುದೇ? (ಹುಬ್ಬಳ್ಳಿ)

ಬೇಡ. 424 ಮೆಟ್ಟಿಲು, ಲಿಫ್ಟ್ ಇಲ್ಲ, ಇಕ್ಕಟ್ಟಿನ ಸುತ್ತುಮೆಟ್ಟಿಲಲ್ಲಿ ನಡುವೆ ಹಿಂತಿರುಗುವುದೂ ಕಷ್ಟ. ಹತ್ತುವವರು 16 ಯೂರೊ ಕೊಟ್ಟು ಆನ್‌ಲೈನ್‌ನಲ್ಲೇ ಮುಂಗಡ ಕಾದಿರಿಸಬೇಕು. ನೀವು ಮೇಲೆ 1686ರ ಇಮ್ಯಾನುಯೆಲ್ ಗಂಟೆ ನೋಡಿ ಬರುವಷ್ಟರಲ್ಲಿ ತಂದೆಯವರು ಕೆಳಗೆ ನಡುಹಜಾರದಲ್ಲಿ ಕೂತು ಹೆಚ್ಚೇ ನೋಡಿರುತ್ತಾರೆ. ಕೈಗೊಂದು 8 ಪಟ್ಟಿನ ಹಗುರ ದುರ್ಬೀನು ಕೊಟ್ಟಿರಿ.

ಪ್ರಶ್ನೆ: ಫೋಟೊಗಳಲ್ಲಿ ಒಳಗೋಡೆ ಈಗಷ್ಟೇ ಬಣ್ಣ ಬಳಿದಂತೆ ಬೆಳ್ಳಗಿದೆ. ಹಳೆಯ ಗಾಂಭೀರ್ಯ ಹಾಳು ಮಾಡಿಬಿಟ್ಟರೆ? (ಮಂಗಳೂರು)

ಬಣ್ಣ ಬಳಿದಿಲ್ಲ. ಆ ಕೆನೆಬಣ್ಣ ಪ್ಯಾರಿಸ್ ಸುತ್ತಲಿನ ಸುಣ್ಣದಕಲ್ಲಿನ ಸ್ವಂತ ಬಣ್ಣ. ನಾವು ‘ಗಾಂಭೀರ್ಯ’ ಎಂದುಕೊಂಡಿದ್ದ ಕಪ್ಪಿನಲ್ಲಿ ಮೇಣದಬತ್ತಿಯ ಮಸಿ, ಜನರ ಉಸಿರಿನ ತೇವಕ್ಕೆ ಅಂಟಿದ ಧೂಳು ಸೇರಿತ್ತು, ಅದರ ಮೇಲೆ ಬೆಂಕಿಯ ದಿನ ಸೀಸದ ಪುಡಿ ಕೂತಿತು. ಮಾಡಿನ ಮೇಲಿದ್ದ ಸುಮಾರು 460 ಟನ್ ಸೀಸ ಬೆಂಕಿಗೆ ಸಿಕ್ಕಿತ್ತು. ಸೀಸ ವಿಷವಾದ್ದರಿಂದ ಗೋಡೆ ತೊಳೆಯುವುದು ಅಂದಕ್ಕಿಂತ ಮೊದಲು ಆರೋಗ್ಯದ ಪ್ರಶ್ನೆಯಾಗಿತ್ತು.

ನೀರು ಹಾಕಿ ಉಜ್ಜಿದರೆ ಕಲ್ಲು ಹೀರಿಕೊಂಡು ಕಲೆ ಒಳಗಿಳಿಯುತ್ತದೆ. ಆದ್ದರಿಂದ ಮೊದಲು ವ್ಯಾಕ್ಯೂಮ್‌ನಿಂದ ಪುಡಿ ಹೀರಿ, ಮೇಲೆ ಲೇಟೆಕ್ಸ್ ಲೇಪನ ಸಿಂಪಡಿಸಿ, ಅದು ಗಟ್ಟಿಯಾದ ಮೇಲೆ ಸಿಪ್ಪೆಯಂತೆ ಸುಲಿದರು. ಕೊಳೆ ಸಿಪ್ಪೆಯೊಂದಿಗೆ ಬರುತ್ತದೆ. ಒಳಮೈಯಲ್ಲಿ ಹೀಗೆ ಶುಚಿ ಮಾಡಿದ್ದು ಸುಮಾರು 42,000 ಚದರ ಮೀಟರ್. ಚಿತ್ರ ಬರೆದ ಗೋಡೆಗೆ ಈ ಉಪಾಯ ನಡೆಯದು, ಲೇಟೆಕ್ಸ್ ಬಣ್ಣವನ್ನೂ ಎಳೆದುಕೊಂಡು ಬರುತ್ತದೆ. ಹಜಾರದ ಬದಿಗಿರುವ ಚಾಪೆಲ್ ಎಂಬ ಸಣ್ಣ ಪ್ರಾರ್ಥನಾ ಗುಡಿಗಳ 19ನೇ ಶತಮಾನದ ವರ್ಣಚಿತ್ರಗಳನ್ನು ಕೈಯಿಂದ ಅಂಗುಲ ಅಂಗುಲವಾಗಿ ಶುಚಿ ಮಾಡಿದ್ದಾರೆ. ಆ ನೀಲಿ, ಚಿನ್ನದ ಬಣ್ಣದ ಗುಡಿಗಳನ್ನು ಬೇಗ ದಾಟಿಸುವ ಗೈಡ್‌ಗೆ ‘ನಿಲ್ಲಿ’ ಎನ್ನಿ.

ಬೆಳಕು ಹೆಚ್ಚಾಗಿ ಗುಟ್ಟು ಕಡಿಮೆಯಾಗಿದೆ ಎಂಬ ನಿಮ್ಮ ಕೊರಗನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಫ್ರಾನ್ಸಿನದೇ ಆದ ಷಾರ್ತ್ರ್ ಕ್ಯಾಥೆಡ್ರಲ್ ಶುಚಿ ಮಾಡಿದಾಗಲೂ ಇದೇ ಜಗಳ ನಡೆದಿತ್ತು. ಆದರೆ ಕಟ್ಟಿದವರು ನೋಡಿದ್ದು ಕಪ್ಪು ಗೋಡೆಯನ್ನಲ್ಲ.

ಪ್ರಶ್ನೆ: ಬಣ್ಣದ ಗಾಜು ನೋಡಲು ಯಾವ ಹೊತ್ತು ಸರಿ? ಗುರುವಾರ ರಾತ್ರಿ ಜನ ಕಡಿಮೆ ಎಂದು ಕೇಳಿದ್ದೇನೆ. (ಫ್ರಾಂಕ್‌ಫರ್ಟ್)

ಗಾಜಿಗೆ ಬೇಕಾದದ್ದು ಹೊರಗಿನ ಬೆಳಕು. ಕತ್ತಲಾದ ಮೇಲೆ ಒಳಗಿನಿಂದ ಕಾಣುವುದು ಬರೀ ಕಪ್ಪು ತಟ್ಟೆ. ಗುರುವಾರ ರಾತ್ರಿ ಹೋಗಬೇಕಾದರೆ ಜೂನ್, ಜುಲೈನಲ್ಲಿ ಹೋಗಿ, ಪ್ಯಾರಿಸ್ಸಿನಲ್ಲಿ ಆಗ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಗುಲಾಬಿ ಹೂವಿನಾಕಾರದ ದಕ್ಷಿಣದ ದುಂಡು ಕಿಟಕಿ ಮಧ್ಯಾಹ್ನದ ಬಿಸಿಲಿಗೆ ಉರಿಯುತ್ತದೆ. ಉತ್ತರದ್ದಕ್ಕೆ ನೇರ ಬಿಸಿಲಿಲ್ಲ; ದಿನವಿಡೀ ಒಂದೇ ಸಮನಾದ ನೀಲಿ ನೇರಳೆ. ಎರಡೂ ಸುಮಾರು 13 ಮೀಟರ್ ಅಗಲ, 13ನೇ ಶತಮಾನದ ನಡುಭಾಗದವು. ಒಂದನ್ನೇ ನೋಡಲು ಸಮಯವಿದ್ದರೆ ಉತ್ತರದ್ದನ್ನು ನೋಡಿ, ಮಧ್ಯಯುಗದ ಗಾಜು ಹೆಚ್ಚು ಉಳಿದಿರುವುದು ಅಲ್ಲಿ. ಪಶ್ಚಿಮದ ಕಿಟಕಿಯನ್ನು ಸುಮಾರು 8,000 ಕೊಳವೆಗಳ ಆರ್ಗನ್ ವಾದ್ಯ ಒಳಗಿನಿಂದ ಭಾಗಶಃ ಮರೆಮಾಡಿದೆ. ಆ ಆರ್ಗನ್ ಸುಡಲಿಲ್ಲ, ಆದರೆ ಕೊಳವೆಗಳಲ್ಲೆಲ್ಲ ಸೀಸದ ಪುಡಿ ಹೊಕ್ಕಿದ್ದರಿಂದ ಬಿಚ್ಚಿ, ಶುಚಿ ಮಾಡಿ, ಮತ್ತೆ ಶ್ರುತಿ ಕೂಡಿಸಬೇಕಾಯಿತು.

ನಿಮ್ಮಿಂದ ಕಲೋನ್ ದೂರವಿಲ್ಲವಲ್ಲ: ನೋತ್ರ ದಾಮ್‌ನ ಎತ್ತರದ ಕಿಟಕಿಗಳಲ್ಲಿ ನಾಲ್ಕನ್ನು ದುರಸ್ತಿ ಮಾಡಿದ್ದು ಕಲೋನ್ ಕ್ಯಾಥೆಡ್ರಲ್‌ನ ಕಾರ್ಯಾಗಾರ.

ಪ್ರಶ್ನೆ: ಕ್ರೈಸ್ತರಲ್ಲದವರು ಪೂಜೆಯ ಹೊತ್ತಿಗೆ ಒಳಗಿರಬಹುದೇ? ಫೋಟೊ? (ತುಮಕೂರು)

ಇರಬಹುದು. ಪಕ್ಕದ ಓಣಿಗಳಲ್ಲಿ ಸದ್ದಿಲ್ಲದೆ ನಡೆಯಿರಿ ಅಥವಾ ಕೂತು ಕೇಳಿ. ಆ ಹೊತ್ತಿನಲ್ಲಿ ಗೈಡ್ ವಿವರಣೆ ನಡೆಯುವುದಿಲ್ಲ. ವಾರದ ದಿನ ಮಧ್ಯಾಹ್ನ 12ಕ್ಕೂ ಸಂಜೆ 6ಕ್ಕೂ ಪೂಜೆಯಿರುವುದರಿಂದ ಟೂರ್ ಅನ್ನು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಅಥವಾ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಇಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಬೇಡವೇ ಬೇಡ. ಫೋಟೊಗೆ ಫ್ಲ್ಯಾಶ್ ಬೇಡ, ಪೂಜೆಯಲ್ಲಿ ಫೋನ್ ಎತ್ತಬೇಡಿ, ಗಂಡಸರು ಟೋಪಿ ತೆಗೆಯಿರಿ.

ಪ್ರಶ್ನೆ: ಮತ್ತೆ ಮರ, ಮತ್ತೆ ಸೀಸ! ಇನ್ನೊಮ್ಮೆ ಬೆಂಕಿ ಬಿದ್ದರೆ? (ಕಲಬುರಗಿ)

2019ರಲ್ಲಿ ಬೆಂಕಿ ಹೊತ್ತಿದ್ದು ಹೇಗೆಂದು ತನಿಖೆ ಖಚಿತವಾಗಿ ಹೇಳಿಲ್ಲ. ಅಷ್ಟು ಬೆಳೆದದ್ದು ಹೇಗೆಂಬುದು ಗೊತ್ತಿದೆ: ಮೊದಲ ಅಲಾರಂ ಬಂದಾಗ ಸಿಬ್ಬಂದಿ ಹೋಗಿ ನೋಡಿದ್ದು ಪಕ್ಕದ ಸ್ಯಾಕ್ರಿಸ್ಟಿಯ (ಪೂಜಾ ಸಾಮಗ್ರಿ ಇಡುವ ಕಟ್ಟಡ) ಅಟ್ಟವನ್ನು, ಉರಿಯುತ್ತಿದ್ದುದು ಕ್ಯಾಥೆಡ್ರಲ್ಲಿನ ಅಟ್ಟ. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಆ ಅಟ್ಟ ಅಡ್ಡಗೋಡೆಯಿಲ್ಲದ ಒಂದೇ ಉದ್ದ ಕೋಣೆಯಾಗಿತ್ತು. ಈಗ ಶಿಖರದ ಭಾಗವನ್ನು ಉಳಿದ ಅಟ್ಟದಿಂದ ಬೇರ್ಪಡಿಸುವ ಬೆಂಕಿತಡೆ ಗೋಡೆಗಳಿವೆ. ಶಾಖ ಗುರುತಿಸುವ ಕ್ಯಾಮೆರಾ, ನೀರನ್ನು ಮಂಜಿನಂತೆ ಸಿಂಪಡಿಸುವ ಕೊಳವೆಗಳು ಬಂದಿವೆ, ಮಾಡಿನ ಹಲಗೆಗಳನ್ನೂ ದಪ್ಪ ಮಾಡಿದ್ದಾರೆ. ಮಂಜು ಏಕೆಂದರೆ, ಸುರಿಯುವ ನೀರಿನ ಭಾರ ಕೆಳಗಿನ ತೆಳು ಕಮಾನಿಗೆ ಅಪಾಯ. ಸೀಸವನ್ನೇ ಮತ್ತೆ ಹೊದೆಸಿದ್ದಕ್ಕೆ ಪರಿಸರ ಸಂಘಟನೆಗಳು ವಿರೋಧಿಸಿದವು, ಆ ವಿರೋಧದಲ್ಲಿ ಹುರುಳಿದೆ.

ಪ್ರಶ್ನೆ: ಕೆಲಸ ಪೂರ್ತಿ ಮುಗಿದಿದೆಯೇ, ಇನ್ನೂ ಕಾಯಬೇಕೆ? (ಉಡುಪಿ)

ಒಳಗೆ ಮುಗಿದಿದೆ, ಹೊರಗೆ ಇಲ್ಲ. ಪೂರ್ವದ ಹಿಂಭಾಗ, ಸ್ಯಾಕ್ರಿಸ್ಟಿ, ಅಲ್ಲಿನ ಅರ್ಧ ಕಮಾನುಗಳ ದುರಸ್ತಿ ಮರುಆರಂಭದ ನಂತರದ ಹಂತ. ಅದಕ್ಕೆ ಮೂರು ವರ್ಷದಷ್ಟು ಹಿಡಿಯುವ ಲೆಕ್ಕವಿದೆ. ನದಿಯ ಕಡೆಯಿಂದ ಫೋಟೊ ತೆಗೆಯುವವರು ಅಟ್ಟಣಿಗೆ ಕಂಡು ಬೇಸರಪಡಬೇಕಾದೀತು. ದೇಣಿಗೆಯಾಗಿ ಬಂದ 846 ಮಿಲಿಯನ್ ಯೂರೊದಲ್ಲಿ ಉಳಿಕೆಯಾದದ್ದನ್ನು ಇದಕ್ಕೆ ಬಳಸುತ್ತಿದ್ದಾರೆ.

ಕಾಯದಿರಲು ಒಂದು ಕಾರಣವೂ ಇದೆ. ನಡುಹಜಾರದ ದಕ್ಷಿಣ ಬದಿಯ ಆರು ಗುಡಿಗಳಲ್ಲಿ ವಿಯೊಲೆ ಲ ದ್ಯುಕ್ ಕಾಲದ ಗಾಜು ತೆಗೆದು, ಕಲಾವಿದೆ ಕ್ಲೇರ್ ತಬುರೆ ಅವರ ಹೊಸ ಕಿಟಕಿಗಳನ್ನು ಕೂರಿಸಲಾಗುತ್ತದೆ. ದೇಶದ ಪಾರಂಪರಿಕ ಕಟ್ಟಡಗಳ ಆಯೋಗ ಒಮ್ಮತದಿಂದ ಬೇಡವೆಂದರೂ ಸರ್ಕಾರ ಮುಂದುವರಿಯಿತು. ಯೋಜನೆಯಲ್ಲಿರುವ ಗಡುವು 2026ರ ಕೊನೆ. ಹಳೆಯ ಕಿಟಕಿಗಳು ಬೆಂಕಿಗೆ ಸಿಕ್ಕಿರಲಿಲ್ಲ, ಶುಚಿಯಾಗಿಯೂ ಇವೆ, ತೆಗೆಯುವ ಅಗತ್ಯವಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಎರಡೂ ಪಕ್ಷದ ವಾದ ಕೇಳಬೇಕೆಂದಿದ್ದರೆ ನಿಮ್ಮ ಗೈಡನ್ನು ಆ ಗುಡಿಗಳ ಮುಂದೆ ನಿಲ್ಲಿಸಿ ಕೇಳಿ. ಪ್ಯಾರಿಸ್ಸಿನಲ್ಲಿ ಈ ವಿಷಯಕ್ಕೆ ಅಭಿಪ್ರಾಯವಿಲ್ಲದ ಗೈಡ್ ಸಿಗುವುದು ಕಷ್ಟ.